ದಿಂಬಿನಡಿಯ ಚಪಾತಿ

ರಿಯಾಲಿಟಿ ಶೋ ಮನೆಯಲ್ಲಿ ಸ್ಪರ್ಧಿ ಸುಗುಣಾ ಎರಡು ಚಪಾತಿಗಳನ್ನು ದಿಂಬಿನಡಿ ಬಚ್ಚಿಟ್ಟದ್ದನ್ನು ನಾಡೆಲ್ಲ ಲೈವ್‌ನಲ್ಲಿ ನೋಡಿತ್ತು. ‘ಕಳ್ಳಿಯನ್ನು ಆಚೆ ಹಾಕಿ’ ಎಂಬ ದೂರುಗಳನ್ನು ಬೆಳಗ್ಗೆಯಿಂದ ಬರೆದುಕೊಂಡು ವಾಹಿನಿಯ ಕಚೇರಿಯ ರೇವತಿಯ ಕೈ ಸೋತಿತ್ತು. ಮತ್ತೆ ಫೋನು ಬಂತು. ಮುದುಕಿಯ ದನಿ.

“ಆ ಚಪಾತಿ ವಿಷ್ಯ ಕಣವ್ವಾ...”

“ಗೊತ್ತಜ್ಜಿ. ಕಳ್ಳೀನ ಆಚೆ ಹಾಕ್ಬೇಕು, ಅಷ್ಟೇ ತಾನೆ? ಬರ್ಕೊಂಡೆ,” ಎಂದು ರೇವತಿ ನಕ್ಕಳು.

“ಬ್ಯಾಡ ಕಣವ್ವಾ. ಅವಳ ತಪ್ಪಲ್ಲ ಅದು. ಅದನ್ನ ತೋರ್ಸೋದು ನಿಲ್ಸಿ.”

“ಯಾಕಜ್ಜಿ, ನಿಮಗೇನಾಗ್ಬೇಕು ಅವರು?”

ಮುದುಕಿ ದನಿ ತಗ್ಗಿಸಿದಳು.

“ಸೊಸೆ. ಮೂರು ವರ್ಷ ಅಡುಗೆಮನೆ ಬೀಗದ ಕೈ ನನ್ನ ಸೊಂಟದಲ್ಲೇ ಇತ್ತು.”