ಎತ್ತಂಗಡಿ

ಕುಣಿಯುವಾಗ ತನಗೆ ಮೈ ತಗುಲಿತೆಂಬಷ್ಟಕ್ಕೇ ಪಬ್ಬಿನ ಬೌನ್ಸರ್ ಉಲ್ಲಾಸನನ್ನು ನೆಲಕ್ಕೆ ಕೆಡವಿ, ದವಡೆ ಮುರಿಯುವಂತೆ ಬೂಟುಗಾಲಲ್ಲಿ ಒದ್ದಿದ್ದ.

"ಅವನು ಜೈಲಿಗೆ ಹೋಗ್ತಾನಾ ಸಾರ್?" ತಂತಿ ಬಿಗಿದ ಹಲ್ಲುಗಳ ಸಂದಿಯಿಂದಲೇ ಉಲ್ಲಾಸ ವಕೀಲರನ್ನು ಕೇಳಿದ.

"ಕೇಸು ನಡೀಲಪ್ಪಾ, ಹೋಗ್ತಾನೆ. ನಮ್ಮ ನೋಟಿಸ್ ನೋಡಿದ್ದೇ ತಡ, ಅವನು ಸೆಕ್ಯುರಿಟಿ ಏಜೆನ್ಸಿಯೋನು, ನಮ್ಮೋನಲ್ಲ ಅಂತ ಪಬ್ಬಿನವರು ಕೈ ತೊಳ್ಕೊಂಡ್ರು. ಏಜೆನ್ಸಿಯೋರು ಅವನನ್ನ ಅಲ್ಲಿಂದ ಎತ್ತಂಗಡಿ ಮಾಡಿದಾರೆ."

ಉಲ್ಲಾಸನಿಗೆ ನಗು ತಡೆಯಲಾಗಲಿಲ್ಲ. ವಸಡಿನಿಂದ ರಕ್ತ ಜಿನುಗಿತು.

ಮನೆಗೆ ಮರಳಿ ಅಪಾರ್ಟ್‌ಮೆಂಟಿನ ಗೇಟು ದಾಟುತ್ತಿದ್ದಂತೆ ಹೊಸ ಸೆಕ್ಯುರಿಟಿಯವನು ಸೆಲ್ಯೂಟ್ ಹೊಡೆದ. ಉಲ್ಲಾಸ ಮೊದಲು ಗುರುತು ಹಿಡಿದದ್ದು ಬೂಟನ್ನು, ಆಮೇಲೆ ಮುಖವನ್ನು.

"ನಿಮ್ಮ ಕಂಪ್ಲೇಂಟಿಂದ ನನ್ನ ಇಲ್ಲಿಗೆ ಹಾಕಿದ್ರು ಸಾರ್," ಎನ್ನುತ್ತ ಅವನು ಗೇಟಿನ ಚಿಲಕ ಹಾಕಿದ. "ಯಾವ ಫ್ಲ್ಯಾಟು ನಿಮ್ದು?"