ಸೀರೆಯ ಮರೆಯಲ್ಲೊಂದು ಬುತ್ತಿ

ಹುರಿದ ಅಗಸೆ ಬೀಜದ ಚಟ್ನಿಪುಡಿ, ಆ ಅಗಸಿ ಹಿಂಡಿಯ ಘಮ ಎಲ್ಲಿಂದಲಾದರೂ ತೇಲಿ ಬಂದರೆ ಸಾಕು... ಕಸ್ತೂರಿಗೆ ಅವ್ವನ ಬುತ್ತಿ ನೆನಪಾಗುತ್ತದೆ.

ಅವ್ವ ಕಳೆ ತೆಗೆಯಲು ಕೂಲಿಗೆ ಹೋಗುತ್ತಿದ್ದಳು. ಬಿಸಿಲು ನೆತ್ತಿಗೆ ಬಂತೆಂದರೆ ಹೆಂಗಸರೆಲ್ಲ ಬೇವಿನ ಮರದಡಿ ಕೂತು ಬುತ್ತಿ ಬಿಚ್ಚುವರು. ಉಣ್ಣುವವರನ್ನು ಹೊಲದ ಧಣಿಯೂ ಎಬ್ಬಿಸುತ್ತಿರಲಿಲ್ಲ.

ಕಸ್ತೂರಿ ಈಗ ಹುಬ್ಬಳ್ಳಿಯ ದೊಡ್ಡ ಸೀರೆ ಅಂಗಡಿಯಲ್ಲಿ ಸೇಲ್ಸ್ ಕೆಲಸಕ್ಕಿದ್ದಾಳೆ. ನೆರಳಿದೆ, ಎಸಿ ಇದೆ... ಉಣ್ಣುವ ಹೊತ್ತು ಮಾತ್ರ ಇಲ್ಲ.

ಬಿಳಿ ಗಾದಿಯ ಮೇಲೆ ಗಿರಾಕಿ ಕೂತಿರುವವರೆಗೆ ಊಟಕ್ಕೆ ಹೋಗುವಂತಿಲ್ಲ. ಆದರೆ ಊಟದ ಅರ್ಧ ಗಂಟೆ, ಉಂಡರೂ ಉಣ್ಣದಿದ್ದರೂ, ಸಂಬಳದಲ್ಲಿ ಕಟ್. ಶಟರ್ ಎಳೆದ ಮೇಲೆ ಸೀರೆ ಮಡಚುವುದು ಪುಕ್ಕಟೆ.

ಇದನ್ನು ಪ್ರಶ್ನಿಸಿದ ಹುಡುಗಿಯೊಬ್ಬಳ ಕೆಲಸವೇ ಹೋಯಿತು. ಕಸ್ತೂರಿಯ ದುಡಿಮೆಯಿಂದಲೇ ಮನೆ ನಡೆಯಬೇಕು... ಅವಳು ಸೀರೆ ಮಡಚುತ್ತಲೇ ಉಳಿದಳು.

ಅವತ್ತು ಮದುವೆ ಜವಳಿಗೆಂದು ಹಳ್ಳಿಯಿಂದ ಒಂದು ಕುಟುಂಬ ಬಂದಿತ್ತು. ಮನೆಯ ಅಜ್ಜಿಗೆ ಯಾವ ಸೀರೆಯೂ ಒಪ್ಪಿಗೆಯಿಲ್ಲ.

"ಇದರ ಸೆರಗು ಸಪ್ಪಗಾತು... ಆ ಮ್ಯಾಲಿಂದು ತೋರ್ಸವಾ!"

"ಮದುವಿ ನಂದೈತಿ ಅಜ್ಜೀ, ನಿಂದಲ್ಲ!" ಎಂದಳು ಮದುಮಗಳು. ಎಲ್ಲರೂ ನಕ್ಕರು.

ಊಟದ ಹೊತ್ತು ಎಂದೋ ದಾಟಿತ್ತು. ಸಕ್ಕರೆ ಕಾಯಿಲೆಯ ಕಸ್ತೂರಿಯ ಕೈಯಿಂದ ಸೀರೆ ಜಾರಿ ಬಿತ್ತು.

"ಉಂಡೀಯಿಲ್ಲೋ ತಂಗಿ?" ಅಜ್ಜಿ ಕೇಳಿದಳು.

ಕಸ್ತೂರಿಯ ಹಿಂದೆಯೇ ಮ್ಯಾನೇಜರ್ ನಿಂತಿದ್ದ.

"ಉಂಡೀನ್ರೀ ಯವ್ವಾ..."

ಅಜ್ಜಿಗೆ ಸುಳ್ಳು ತಿಳಿಯಿತು. "ನಾವು ಆಮ್ಯಾಲ ಬರ್ತೀವಿ" ಎಂದು ತನ್ನವರನ್ನೆಲ್ಲ ಎಬ್ಬಿಸಿಕೊಂಡು ಹೊರಟಳು. ತಾವೆದ್ದರೆ ಹುಡುಗಿ ಉಣ್ಣುತ್ತಾಳೆ, ಉಪಕಾರ ಮಾಡಿದೆನೆಂದೇ ಅವಳ ಭಾವನೆ.

ಬಾಗಿಲು ದಾಟುವ ಮೊದಲೇ ಮ್ಯಾನೇಜರ್ ದನಿ ಕೇಳಿಸಿತು. "ಜವಳಿ ಗಿರಾಕಿ ಬಿಟ್ಟು ಕೊಟ್ಟೆಲ್ಲ! ಅವ್ರು ತಿರುಗಿ ಬರಲಿಲ್ಲಂದ್ರ ನಾಳಿಂದ ನೀನೂ ಬರಬ್ಯಾಡ. ಮೊದ್ಲು ಇಷ್ಟೂ ಮಡಚು!"

ಅಜ್ಜಿ ತಿರುಗಿ ಬಂದು ಅದೇ ಗಾದಿಯ ಮೇಲೆ ಕೂತಳು.

"ಎಲ್ಲಾ ಜವಳಿ ಇಲ್ಲೇ ತಗೋತೀವಿ. ಈಕೀನ ತೋರಿಸಬೇಕು. ಆದ್ರ ಮೊದ್ಲು ಆಕಿ ಉಣ್ಣಲಿ."

"ರೂಲ್ಸ್ ಮಾಲೀಕರದ್ರೀ ಯವ್ವಾ..." ಮ್ಯಾನೇಜರ್ ದನಿ ಇಳಿಯಿತು. "ನಂದೂ ಊಟ ಆಗಿಲ್ಲ."

ಅಜ್ಜಿ ಮೊಮ್ಮಕ್ಕಳಿಗೆ ಕಣ್ಸನ್ನೆ ಮಾಡಿದಳು. ಇಬ್ಬರು ಎದ್ದು, ಅಂಗಡಿಯವರ ಕಣ್ಣಿಗೆ ಅಡ್ಡವಾಗುವಂತೆ ಒಂದು ಸೀರೆಯನ್ನು ಅಗಲಕ್ಕೆ ಹಿಡಿದು ಬಣ್ಣ ನೋಡತೊಡಗಿದರು...

ಅದರ ಮರೆಯಲ್ಲಿ ಅಜ್ಜಿ ಊರಿಂದ ತಂದ ಬುತ್ತಿಯ ಗಂಟು ಬಿಚ್ಚಿದಳು. ಹುರಿದ ಅಗಸಿ ಹಿಂಡಿಯ ಘಮ!

ಅದು ಮ್ಯಾನೇಜರನ ಮೂಗಿಗೂ ಬಡಿದಿರಬೇಕು. ಆತ ಬೇರೆ ಕಡೆ ಮುಖ ತಿರುಗಿಸಿ ನಿಂತ.

"ಸೀರಿಗೆ ಎಣ್ಣಿ ತಾಗೀತ್ರೀ..." ಕಸ್ತೂರಿ ಹಿಂಜರಿದಳು.

"ತಾಗಿದ್ರ ಅದನ್ನ ನಾನ ಉಡ್ತೀನಿ. ಮುಂಜಾನಿಂದ ನನಗ ಒಂದೂ ಒಪ್ಪಿಗಿ ಆಗಿಲ್ಲಲ್ಲ!"

ಕಸ್ತೂರಿ ನಕ್ಕಳು. ನಗುತ್ತಲೇ ಕಣ್ಣು ತುಂಬಿ ಬಂತು.

ನಾಳೆ ಬೇರೆ ಗಿರಾಕಿ... ಅದೇ ಗಾದಿ, ಅದೇ ರೂಲ್ಸ್. ಅದು ಅಜ್ಜಿಗೂ ಗೊತ್ತಿತ್ತು.

ಹಿಂಡಿ ಸವರಿದ ರೊಟ್ಟಿಯ ಸುರುಳಿಯನ್ನು ಕಸ್ತೂರಿಯ ಕೈಗಿಟ್ಟಳು.

ದುಡಿಯುವವರ ಹಕ್ಕಿನ ಊಟವನ್ನು ಅವರು ಮರೆಯಲ್ಲಿ ಕದ್ದು ಉಣ್ಣುವಂತೆ ಆಗಬಾರದು.

ಮುಂದಿನ ಸಲ "ಇನ್ನೊಂದು ತೋರ್ಸಿ" ಅನ್ನುವ ಮೊದಲು... ಎದುರಿಗೆ ನಿಂತವರ ಮುಖ ಒಮ್ಮೆ ನೋಡುತ್ತೀರಾ?