ಕೊರಳಿನ ಹದ

ಲೊರೇನ್ ಒಳಗೆ ನೋಡದೆ ಓವನ್ ಶುಚಿ ಮಾಡುವ ಗುಂಡಿ ಒತ್ತಿ ಬಹಳ ಹೊತ್ತಾದ ಮೇಲೆ, ಅವಳ ಗಂಡ ವರ್ಲಿನ್ ಗ್ಯಾರೇಜಿನಿಂದ ಬಂದು ಕೇಳಿದ: “ನನ್ನ ತೋಟಾ ಚಿಪ್ಪು ಒಣಗಿದ್ವಾ?”

“ಯಾವ ಚಿಪ್ಪು?”

“ಓವನ್ನಲ್ಲಿ ತಟ್ಟೆ ಇಟ್ಟಿದ್ನಲ್ಲೇ!”

ಇಬ್ಬರೂ ಓವನ್ನಿನ ಕಡೆ ತಿರುಗಿದರು. ಮರುದಿನದ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಟರ್ಕಿ ಕೋಳಿಗೆಂದು ಅದು ತನ್ನ ಹೊಟ್ಟೆಯ ಹಳೇ ಜಿಡ್ಡನ್ನೆಲ್ಲ ಸುಟ್ಟು ಬೂದಿ ಮಾಡುತ್ತಿತ್ತು. ಬಾಗಿಲಿಗೆ ತಾನೇ ಬೀಗ ಬಿದ್ದಿತ್ತು. ತಣ್ಣಗಾಗುವ ತನಕ ದೇವರೇ ಬಂದರೂ ತೆರೆಯುವಂತಿರಲಿಲ್ಲ. ವರ್ಲಿನ್ ಮಂಡಿಯೂರಿ ಗಾಜಿನಲ್ಲಿ ಇಣುಕಿದ. ಹಿತ್ತಾಳೆ ಚಿಪ್ಪುಗಳು ಸಾಲಾಗಿ ನಿಂತು ಬೇಯುತ್ತಿದ್ದವು.

ಹಾರಿಸಿದ ತೋಟಾದ ಚಿಪ್ಪನ್ನು ಮತ್ತೆ ಮತ್ತೆ ತುಂಬಿಸಿ ಬಳಸಿದರೆ ಗುಂಡು ಕೂರುವ ಅದರ ಕೊರಳು ಗಡುಸಾಗಿ ಬಿರುಕು ಬಿಡುತ್ತದೆ. ಅದಕ್ಕೇ ವರ್ಲಿನ್ ಗ್ಯಾರೇಜಿನ ದೀಪ ಆರಿಸಿ, ಕತ್ತಲಲ್ಲಿ ಒಂದೊಂದನ್ನೂ ಗ್ಯಾಸಿನ ಉರಿಗೆ ಹಿಡಿದು ತಿರುಗಿಸುತ್ತ, ಕೊರಳು ಮಾತ್ರ ಮಂಕಾಗಿ ಕೆಂಪೇರುವ ಗಳಿಗೆಯಲ್ಲಿ ನೀರಿಗೆ ಬೀಳಿಸುತ್ತಿದ್ದ. ಬುಡಕ್ಕೆ ಕಾವು ತಾಗಕೂಡದು. ಹೀಗೆ ಹದ ಮಾಡಿದ ತೋಟಾದ ಗುರಿ ಕೂದಲೆಳೆಯಷ್ಟೂ ತಪ್ಪದು ಎಂಬುದು ಅವನ ನಂಬಿಕೆ. ನಂಬಿಕೆ ದೊಡ್ಡದೇ, ಆದರೆ ಹದ ಮಾಡುತ್ತ ಕೂತವನಿಗೆ ಹೋದ ವರ್ಷ ಎಲ್ಕ್ ಕಡವೆಯ ಬೇಟೆಗಾಲವೇ ಮುಗಿದುಹೋಗಿತ್ತು. ಅದರ ಹಿಂದಿನ ವರ್ಷವೂ ಅಷ್ಟೇ. ಮೊಂಟಾನಾದ ಆ ಕಣಿವೆಯಲ್ಲಿ ಚಳಿಗಾಲಕ್ಕೆ ಫ್ರೀಜರ್ ಖಾಲಿ ಇಟ್ಟುಕೊಂಡ ಮನೆ ಇವರದೊಂದೇ.

“ಬುಡಾನೂ ಮೆತ್ತಗಾಗಿರತ್ತೆ. ಇನ್ನು ಇದಕ್ಕೆ ಮದ್ದು ತುಂಬಿದ್ರೆ ಮುಖಕ್ಕೇ ಸಿಡಿಯತ್ತೆ. ಎಲ್ಲಾ ಗುಜರಿಗೆ!” ವರ್ಲಿನ್‌ಗೆ ಅಳು ಬರುವಂತಾಗಿತ್ತು.

“ನಂದೇ ತಪ್ಪು. ಅಂಗಡಿಯಿಂದ ಒಂದು ಡಬ್ಬಿ ತೋಟಾ ತಂದ್ಕೊಡ್ತೀನಿ. ಭಾನುವಾರಕ್ಕೆ ಬೇಟೆ ಮುಗಿಯತ್ತೆ ವರ್ಲಿನ್.”

“ಅಂಗಡೀದಾ? ನನ್ನ ಕೋವಿಗಾ? ನಿನ್ನ ತಮ್ಮ ಡ್ವೇನ್ ಹಾಕ್ತಾನಲ್ಲ, ಆ ಕಸಾನಾ?”

“ಹೂಂ, ಅದೇ ಕಸ. ಆ ಕಸದಲ್ಲೇ ಅವನು ವರ್ಷಾ ವರ್ಷಾ ಎಲ್ಕ್ ಹೊಡೀತಾನೆ, ನಾನು ಪಾತ್ರೆ ಹಿಡ್ಕೊಂಡು ಅವನ ಬಾಗಿಲಿಗೆ ಹೋಗ್ತೀನಿ. ಈ ಸಲ ಹೋಗಲ್ಲ ನೋಡು. ನಂಗೂ ಮಾನ ಇದೆ.”

ಶನಿವಾರ ಬೆಳಿಗ್ಗೆ ವರ್ಲಿನ್ ಅಂಗಡಿಯ ತೋಟಾಗಳನ್ನು ತನ್ನ ಹಳೆಯ ಪ್ಲಾಸ್ಟಿಕ್ ಡಬ್ಬಿಗೆ ಸುರಿದುಕೊಂಡು, ಅವು ಬಂದ ರಟ್ಟಿನ ಡಬ್ಬಿಯನ್ನು ಒಲೆಗೆ ಹಾಕಿ, ಬೆಟ್ಟ ಹತ್ತಿದ. ಮಧ್ಯಾಹ್ನದೊಳಗೆ, ದೂರದ ಇಳಿಜಾರಿನಲ್ಲಿ ನಿಂತಿದ್ದ ಭಾರಿ ಎಲ್ಕ್ ಒಂದನ್ನು ಒಂದೇ ಗುಂಡಿಗೆ ಕೆಡವಿದ.

ಸಂಜೆ ಮಾಂಸ ಕೊಯ್ಯಲು ನೆರವಾಗಲೆಂದು ಡ್ವೇನ್ ಬಂದ.

“ಒಂದೇ ಏಟಾ? ಅಷ್ಟು ದೂರದಿಂದ?”

ನಿಜ ಹೇಳಲು ಅದಕ್ಕಿಂತ ಒಳ್ಳೆಯ ಸಮಯ ಇರಲಿಲ್ಲ. ವರ್ಲಿನ್ ಹೆಂಡತಿಯ ಕಡೆ ನೋಡಿದ. ಲೊರೇನ್ ತಲೆ ಬಗ್ಗಿಸಿ ತೊಡೆಯ ಮಾಂಸ ಬಿಡಿಸುತ್ತಿದ್ದಳು.

“ಎಲ್ಲಾ ಕೊರಳಿನ ಹದದಲ್ಲಿದೆ ಕಣೋ,” ಎಂದು ಶುರು ಮಾಡಿದವನು ಇಬ್ಬರ ಕಾಫಿಯೂ ಆರಿ ತಣ್ಣಗಾಗುವವರೆಗೆ ನಿಲ್ಲಿಸಲಿಲ್ಲ.

ಡ್ವೇನ್ ಟೋಪಿ ತೆಗೆದು ತಲೆ ಕೆರೆದುಕೊಂಡ. “ಇಷ್ಟು ವರ್ಷ ನಿನ್ನ ನೋಡಿ ನಕ್ಕಿದ್ದೇ ನಕ್ಕಿದ್ದು. ಈ ಸಲ ನೋಡು, ಹೊಡೆದದ್ದೆಲ್ಲ ಗಾಳಿಗೆ. ನಾಳೆ ಕೊನೇ ದಿನ. ನಿನ್ನ ಕೈಯಾರೆ ಮಾಡಿದ್ದು ಒಂದ್ನಾಕು ಕೊಡು ಮಾರಾಯ. ಇಬ್ಬರದೂ ಒಂದೇ ಅಳತೆ ಕೋವಿ ತಾನೇ?”

ಕೊಡುವುದಿಲ್ಲ ಎಂದರೆ ಜಿಪುಣ, ಕೊಟ್ಟರೆ ಸುಳ್ಳುಗಾರ. ವರ್ಲಿನ್ ನಿಧಾನವಾಗಿ ಡಬ್ಬಿ ಮುಂದೆ ತಳ್ಳಿದ.

ಡ್ವೇನ್ ಒಂದನ್ನು ತೆಗೆದು ತಿರುಗಿಸಿ ಬುಡ ನೋಡಿದ. “ಅರೆ, ನಾನು ತಗೊಳ್ಳೋ ಕಂಪನಿ ಮುದ್ರೆ!”

ವರ್ಲಿನ್ ಡಬ್ಬಿಯ ಮುಚ್ಚಳಕ್ಕೆ ಕೈ ಹಾಕಿದ.

“ಗೊತ್ತಾಯ್ತು ಬಿಡು,” ಎಂದು ಡ್ವೇನ್ ನಕ್ಕ. “ನಾನು ಹಿಮದಲ್ಲಿ ಬಿಸಾಕಿ ಬಂದ ಖಾಲಿ ಚಿಪ್ಪನ್ನ ಹೆಕ್ಕಿ ಹೆಕ್ಕಿ ಜೇಬಿಗೆ ಹಾಕ್ಕೊಳ್ತಿದ್ದೆಯಲ್ಲ, ಅವೇ ಇವು.”

“ಅವೇ,” ಎಂದ ವರ್ಲಿನ್.

ಡ್ವೇನ್ ಕಣ್ಣು ಮುಚ್ಚಿ, ಹೆಬ್ಬೆರಳಿನಿಂದ ತೋಟಾದ ಕೊರಳನ್ನು ಮೆಲ್ಲಗೆ ಸವರಿದ. “ಆಹಾ! ಏನು ಮೆದು! ಅಂಗಡೀದು ಮುಟ್ಟಿದ್ರೆ ಕಲ್ಲು ಮುಟ್ಟಿದ ಹಾಗಿರತ್ತೆ. ಕೈಕೆಲಸ ಅಂದ್ರೆ ಕೈಕೆಲಸಾನೇ ಬಿಡು.”

ಲೊರೇನ್‌ಳ ಚಾಕು ನಿಂತಿತು. ವರ್ಲಿನ್ ಡಬ್ಬಿಯಿಂದ ತಾನೂ ಒಂದನ್ನು ಎತ್ತಿಕೊಂಡು, ಕಣ್ಣು ಮುಚ್ಚಿ ಸವರಿದ. ಅವನಿಗೂ ಅದು ಮೆದುವಾಗಿಯೇ ಇತ್ತು.